ವಿಯೆಟ್ನಾಂ ಎದ್ದು ನಿಂತ ಬಗೆ ನೋಡಬೇಕೆಂದರೆ ರೈಲು ಹತ್ತಿ: ಹೋಗಿಬಂದವರು, ಹೋಗಲಿರುವವರು ಮಾತನಾಡೋಣ

ಹಳಿಯ ಪಕ್ಕದವನು, ಧಾರವಾಡ

ಕಳೆದ ತಿಂಗಳು ಹದಿನಾರು ದಿನ ವಿಯೆಟ್ನಾಮಿನಲ್ಲಿದ್ದು ಬಂದೆ. ಹೊರಡುವ ಮುನ್ನ ಯಾರನ್ನು ಕೇಳಿದರೂ ಒಂದೇ ಪಟ್ಟಿ ಕೊಟ್ಟರು: ಹಾ ಲಾಂಗ್ ಕೊಲ್ಲಿಯ ದೋಣಿ ವಿಹಾರ, ದಾ ನಾಂಗ್ ಹತ್ತಿರ ಬೆಟ್ಟದ ಮೇಲೆ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತಿರುವ ಸೇತುವೆ, ಹೋಯ್ ಆನ್ ಪಟ್ಟಣದ ಬಣ್ಣದ ಲಾಟೀನುಗಳು, ಸೈಗಾನ್ ಪಕ್ಕದಲ್ಲಿ ಯುದ್ಧಕಾಲದ ಗೆರಿಲ್ಲಾಗಳು ಅಡಗಿದ್ದ ಕು ಚಿ ಸುರಂಗ. ಐದು ರಾತ್ರಿ, ಆರು ಹಗಲು, ಊರಿಂದೂರಿಗೆ ವಿಮಾನ. ಅವು ನೋಡುವಂಥ ಜಾಗಗಳೇ, ನಾನೂ ಅರ್ಧದಷ್ಟನ್ನು ನೋಡಿದೆ. ಆದರೆ ಹೀಗೆ ಮೇಲಿಂದ ಮೇಲೆ ಹಾರಿಹೋದರೆ ಆ ದೇಶ ಯುದ್ಧದಿಂದ ಹೇಗೆ ಚೇತರಿಸಿಕೊಂಡಿತು ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಅದು ಕಾಣುವುದು ನಡುಭಾಗದಲ್ಲಿ, ರೈಲು ಹಳಿಯ ಅಕ್ಕಪಕ್ಕದಲ್ಲಿ.

ಹನೋಯ್‌ನಿಂದ ಸೈಗಾನಿಗೆ, ಅಂದರೆ ಇಂದಿನ ಹೋ ಚಿ ಮಿನ್ ನಗರಕ್ಕೆ, 1,726 ಕಿಲೋಮೀಟರ್ ಮೀಟರ್ ಗೇಜ್ ಮಾರ್ಗ. ಫ್ರೆಂಚರು ಅದನ್ನು 1936ರಲ್ಲಿ ಪೂರ್ತಿಗೊಳಿಸಿದರು. 1954ರಲ್ಲಿ ದೇಶ ಹದಿನೇಳನೆಯ ಅಕ್ಷಾಂಶದ ಬಳಿ ಕಮ್ಯುನಿಸ್ಟರ ಉತ್ತರ, ಅಮೆರಿಕದ ಬೆಂಬಲವಿದ್ದ ದಕ್ಷಿಣ ಎಂದು ಇಬ್ಭಾಗವಾದಾಗ ಹಳಿಯೂ ತುಂಡಾಯಿತು. ಆಮೇಲೆ ಉತ್ತರದಲ್ಲಿ ಅಮೆರಿಕದ ವಿಮಾನಗಳು ಸೇತುವೆ ಬೀಳಿಸಿದವು, ದಕ್ಷಿಣದಲ್ಲಿ ಉತ್ತರದ ಪರವಾದ ಗೆರಿಲ್ಲಾಗಳು ಹಳಿ ಸ್ಫೋಟಿಸಿದರು. 1975ರ ಏಪ್ರಿಲ್ 30ರಂದು ಯುದ್ಧ ಮುಗಿದಾಗ ದುರಸ್ತಿಗೆ ಕಾಯುತ್ತಿದ್ದ ಸೇತುವೆಗಳೇ ಸಾವಿರಕ್ಕೂ ಹೆಚ್ಚು. 1976ರ ಡಿಸೆಂಬರ್ 31ರಂದು ಈ ಮಾರ್ಗದಲ್ಲಿ ಮತ್ತೆ ರೈಲು ಓಡಿತು. ಇಪ್ಪತ್ತೇ ತಿಂಗಳು! ಹೊಟ್ಟೆಗೆ ಸರಿಯಾಗಿ ಇಲ್ಲದ ಜನ, ಬಾಂಬು ಹುದುಗಿದ ನೆಲದ ಮೇಲೆ, ಕೈಗೆ ಸಿಕ್ಕ ಕಬ್ಬಿಣದಲ್ಲಿ ಮಾಡಿದ ಕೆಲಸ ಅದು.

ಹನೋಯ್‌ನ ಲಾಂಗ್ ಬಿಯೆನ್ ಸೇತುವೆಯ ಮೇಲೆ ಎರಡು ಬೆಳಿಗ್ಗೆ ನಡೆದೆ. ಕಬ್ಬಿಣಕ್ಕೆ ಬಡಿದಿರುವ ಫಲಕದಲ್ಲಿ ಕಟ್ಟಿದ ಫ್ರೆಂಚ್ ಕಂಪನಿಯ ಹೆಸರು, 1899-1902 ಎಂಬ ವರ್ಷ ಇನ್ನೂ ಓದಬಹುದು. ಕೆಂಪು ನದಿಯ ಮೇಲೆ ಏರುತ್ತ ಇಳಿಯುತ್ತ ಅಲೆಯಂತೆ ಹೋಗುವ ಕಬ್ಬಿಣದ ಚೌಕಟ್ಟು ಅದು. ಸ್ವಲ್ಪ ದೂರ ಹೋದ ಮೇಲೆ ಆ ಅಲೆ ಕತ್ತರಿಸಿದಂತೆ ನಿಂತುಬಿಡುತ್ತದೆ. ಅಲ್ಲಿಂದ ಗಿಡ್ಡ, ಮಟ್ಟಸ ಅಂಕಣಗಳು. ನದಿಯೊಳಗೆ ಕಂಬಗಳೂ ಒತ್ತೊತ್ತಾಗುತ್ತವೆ. 1967ರಲ್ಲೂ 1972ರಲ್ಲೂ ಬಾಂಬು ಬಿದ್ದ ಕಡೆಗಳು ಇವೇ. ಮೂಲದಂತೆ ಮತ್ತೆ ಕಟ್ಟಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ದಾಟಲು ಎಷ್ಟು ಬೇಕೋ ಅಷ್ಟನ್ನು ಜೋಡಿಸಿದರು, ಅದೇ ಇವತ್ತಿಗೂ ನಿಂತಿದೆ. ನಡುವೆ ರೈಲು, ಎರಡು ಬದಿಗೆ ಸ್ಕೂಟರು ಮತ್ತು ಸೈಕಲ್. ಕಾಲುದಾರಿಯ ಕಾಂಕ್ರೀಟ್ ಹಲಗೆಗಳ ಸಂದಿಯಲ್ಲಿ ಕೆಳಗೆ ನೀರು ಕಾಣುತ್ತದೆ. ನದಿಯ ನಡುಗಡ್ಡೆಯ ಬಾಳೆತೋಟದಿಂದ ಗೊನೆ ಹೇರಿಕೊಂಡು ಬಂದ ಹೆಂಗಸೊಬ್ಬರು ಸೇತುವೆಯ ಕಂಬಿಗೆ ಸೈಕಲ್ ಒರಗಿಸಿ ಅಲ್ಲೇ ವ್ಯಾಪಾರ ಶುರು ಮಾಡಿದರು. ಆ ತೇಪೆ ಹಾಕಿದ ಸೇತುವೆಯನ್ನು ನೋಡಿದ ಮೇಲೆ ಆ ದೇಶದ ಬಗ್ಗೆ ನಾನು ಓದಿದ್ದೆಲ್ಲ ಒಂದು ಹದಕ್ಕೆ ಬಂದು ಕುಳಿತಿತು.

ರಾತ್ರಿಯ ರೈಲು ಹಿಡಿದು ಡೋಂಗ್ ಹಾ ಎಂಬ ನಿಲ್ದಾಣದಲ್ಲಿ ಇಳಿದೆ. ಕ್ವಾಂಗ್ ತ್ರಿ ಸೀಮೆ. ಹೆಚ್ಚಿನ ಪ್ರವಾಸಿಗರು ಇಲ್ಲಿ ಇಳಿಯುವುದಿಲ್ಲ, ಅಥವಾ ಹ್ವೇ ನಗರದಿಂದ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಮರಳುತ್ತಾರೆ. ಬೆನ್ ಹಾಯ್ ನದಿಯ ಮೇಲೆ ಹಿಯೆನ್ ಲುವಾಂಗ್ ಸೇತುವೆಯಿದೆ, ಈಗಿರುವುದು ಹಳೆಯದರಂತೆ ಮತ್ತೆ ಕಟ್ಟಿದ್ದು. ಅರ್ಧ ಹಳದಿ, ಅರ್ಧ ನೀಲಿ. ಎರಡು ದೇಶಗಳ ಗಡಿಯಾಗಿದ್ದಾಗ ಎರಡೂ ಕಡೆಯವರು ಬಣ್ಣದಲ್ಲಿ, ಧ್ವಜದ ಎತ್ತರದಲ್ಲಿ, ಧ್ವನಿವರ್ಧಕದ ಗದ್ದಲದಲ್ಲಿ ಪೈಪೋಟಿಗೆ ಬಿದ್ದಿದ್ದರು. ಈಗ ಎರಡು ದಂಡೆಯಲ್ಲೂ ಭತ್ತ. ನಾನು ಹೋದಾಗ ಗದ್ದೆಯ ಬದಿಯಲ್ಲಿ ದುಂಡಗಿನ ಹೊಂಡಗಳಲ್ಲಿ ಬಾತುಕೋಳಿಗಳಿದ್ದವು. ಅಷ್ಟು ಸರಿಯಾದ ವೃತ್ತದ ಕೆರೆಯನ್ನು ಯಾರೂ ತೋಡುವುದಿಲ್ಲ. ಬಾಂಬು ಬಿದ್ದ ಗುಂಡಿಗಳು ಅವು.

ಈ ಸೀಮೆಯ ಹೊಲಗಳಲ್ಲಿ ಸಿಡಿಯದ ಮದ್ದುಗುಂಡು ಇನ್ನೂ ಸಿಗುತ್ತಿದೆ. ಯುದ್ಧ ಮುಗಿದ ಮೇಲೆ ಇಂಥವುಗಳಿಂದ ದೇಶದಾದ್ಯಂತ ಸತ್ತವರು ಸುಮಾರು 40,000 ಎಂದು ಅಲ್ಲಿನ ಸರ್ಕಾರದ ಲೆಕ್ಕ. ಡೋಂಗ್ ಹಾದಲ್ಲಿ ಇದನ್ನು ವಿವರಿಸುವ ಒಂದು ಪುಟ್ಟ ಕೇಂದ್ರವಿದೆ. ಶಾಲೆಯ ಮಕ್ಕಳಿಗೆ ಕ್ಲಸ್ಟರ್ ಬಾಂಬಿನ ಚೆಂಡಿನಂಥ ಗುಂಡು ಹೇಗಿರುತ್ತದೆ, ಕಂಡರೆ ಏನು ಮಾಡಬೇಕು ಎಂದು ಹೇಳಿಕೊಡುತ್ತಾರೆ. ಹಾ ಲಾಂಗ್ ಕೊಲ್ಲಿಗೆ ಒಂದು ದಿನ ಕಡಿಮೆ ಕೊಡಿ, ಕ್ವಾಂಗ್ ತ್ರಿಗೆ ಒಂದು ದಿನ ಕೊಡಿ. ನಾನು ಹೇಳಬೇಕೆಂದಿದ್ದು ಇಷ್ಟೇ.

ಹೋಗಿಬಂದವರು ನೀವು ಕಂಡದ್ದನ್ನು ಬರೆಯಿರಿ. ನನ್ನದು ತಪ್ಪು ಎನಿಸಿದರೆ ಅದನ್ನೂ ಬರೆಯಿರಿ.

ಮೊದಲ ಸಲ ಹೊರಟವಳು, ಶಿವಮೊಗ್ಗ

ಸಮಯಕ್ಕೆ ಸರಿಯಾಗಿ ಬರೆದಿದ್ದೀರಿ. ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಒಂಬತ್ತು ದಿನ ಹೋಗುತ್ತಿದ್ದೇನೆ. ಅಮ್ಮನಿಗೆ 68, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ನಡೆಯುತ್ತಾರೆ, ಆದರೆ ಮಂಡಿ ನೋವಿದೆ. ನಾವಿಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ. ರೈಲಿನಲ್ಲಿ ಊಟ ಹೇಗೆ? ಯುದ್ಧದ ಜಾಗಗಳಿಗೆ ವಯಸ್ಸಾದವರನ್ನು ಕರೆದೊಯ್ಯುವುದು ಸರಿಯೇ? ಅವರು ದುಃಖ ನೋಡಲು ಬರುತ್ತಿಲ್ಲ, ಸಮುದ್ರ ನೋಡಲು ಬರುತ್ತಿದ್ದಾರೆ.

ಸೈಗಾನಿನ ಬಾಡಿಗೆದಾರ

ಏಳು ವರ್ಷದಿಂದ ಇಲ್ಲೇ ಕೆಲಸದಲ್ಲಿದ್ದೇನೆ, ಮೂಲ ಊರು ತುಮಕೂರು. ಮೊದಲು ಊಟದ ಮಾತು. "ಚಾಯ್" ಎಂಬ ಪದ ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಕಿವಿಗೆ ಟೀ ಎಂದು ಕೇಳಿಸಿದರೂ ಅದರ ಅರ್ಥ ಸಸ್ಯಾಹಾರ. "ಕಂ ಚಾಯ್" ಎಂದು ಫಲಕವಿರುವ ಹೋಟೆಲು ಪ್ರತಿ ಪೇಟೆಯಲ್ಲೂ ಇದೆ, ಬೌದ್ಧರ ದೇಶ ಇದು. ಅವರ ಪಂಚಾಂಗದ ಪಾಡ್ಯ ಮತ್ತು ಹುಣ್ಣಿಮೆಯಂದು ಇಲ್ಲಿನ ಬಹಳ ಜನ ಮಾಂಸ ಮುಟ್ಟುವುದಿಲ್ಲ, ಆ ದಿನಗಳಲ್ಲಿ ರಸ್ತೆ ಬದಿಯ ಅಂಗಡಿಯಲ್ಲೂ ಚಾಯ್ ಊಟ ಸಿಗುತ್ತದೆ. ಎಚ್ಚರ ಬೇಕಾದದ್ದು ಮೀನಿನ ರಸದ ಬಗ್ಗೆ. ಸೊಪ್ಪಿನ ಪಲ್ಯವೆಂದು ಕೊಟ್ಟರೂ ಒಗ್ಗರಣೆಗೆ ಅದನ್ನೇ ಹಾಕಿರುತ್ತಾರೆ, ಆದ್ದರಿಂದ ಚಾಯ್ ಹೋಟೆಲನ್ನೇ ಹುಡುಕಿ. ರೈಲಿಗೆ ಮಾತ್ರ ಹಣ್ಣು, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಿ. ಬಿಸಿನೀರು ಬೋಗಿಯಲ್ಲೇ ಸಿಗುತ್ತದೆ. ವೀಸಾ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಪಡೆಯಬಹುದು, 2023ರ ಆಗಸ್ಟ್‌ನಿಂದ 90 ದಿನಗಳವರೆಗೂ ಕೊಡುತ್ತಾರೆ.

ಇನ್ನು ಧಾರವಾಡದವರ ಮಾತಿಗೆ. ರೈಲು 1976ರಲ್ಲಿ ಓಡಿತು, ನಿಜ. ಆದರೆ ಆಮೇಲಿನ ಹತ್ತು ವರ್ಷವನ್ನು ಹಾರಿಬಿಟ್ಟರೆ ಚೇತರಿಕೆ ಎಂದರೇನು ಎಂಬುದು ಅರ್ಥವಾಗುವುದಿಲ್ಲ. ಇಲ್ಲಿ ಆ ಕಾಲವನ್ನು "ಬಾವ್ ಕಾಪ್" ಎನ್ನುತ್ತಾರೆ, ಎಲ್ಲವನ್ನೂ ಸರ್ಕಾರವೇ ಪಡಿತರದಲ್ಲಿ ಹಂಚುತ್ತಿದ್ದ ಕಾಲ. ನನ್ನ ಮನೆಯೊಡತಿ ಹನೋಯ್‌ನಲ್ಲಿ ಬೆಳೆದವರು, ಈಗ ಎಪ್ಪತ್ತರ ಹತ್ತಿರ. ಟೆಟ್ ಹಬ್ಬದ ದಿನ, ಅಂದರೆ ಇಲ್ಲಿನ ಹೊಸವರ್ಷದಂದು, ಬೀರುವಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದರು. ಒಳಗೆ ಅವರ ತಾಯಿಯ ಅಕ್ಕಿ ಪುಸ್ತಕ. ಕಂದು ಬಣ್ಣಕ್ಕೆ ತಿರುಗಿದ ಹಾಳೆ, ತಿಂಗಳು ತಿಂಗಳಿಗೆ ಒಂದು ಗೆರೆ, ಪಕ್ಕದಲ್ಲಿ ನೀಲಿ ಶಾಯಿಯ ಸಹಿ. ಬೆಳಗಿನ ಜಾವ ಸಾಲಿನಲ್ಲಿ ತಮ್ಮ ಜಾಗಕ್ಕೆ ಒಂದು ಇಟ್ಟಿಗೆ ಇಟ್ಟು, ಮನೆಗೆ ಹೋಗಿ ಕೆಲಸ ಮುಗಿಸಿ ಬರುತ್ತಿದ್ದರಂತೆ. ಇವತ್ತಿಗೂ ಯಾರಾದರೂ ಮುಖ ಬಾಡಿಸಿಕೊಂಡು ಕುಳಿತರೆ "ಅಕ್ಕಿ ಪುಸ್ತಕ ಕಳೆದುಕೊಂಡವರ ಮುಖ" ಎನ್ನುತ್ತಾರೆ. ನನ್ನ ಕಚೇರಿಯ ಇಪ್ಪತ್ತೈದರ ಹುಡುಗಿಯೂ ಆ ಮಾತನ್ನು ಬಳಸುತ್ತಾಳೆ, ಪುಸ್ತಕವನ್ನು ಅವಳು ಕಂಡೇ ಇಲ್ಲ.

ಆ ಹತ್ತು ವರ್ಷಗಳಲ್ಲಿ ಯುದ್ಧವೂ ನಿಂತಿರಲಿಲ್ಲ. 1978ರ ಕೊನೆಯಲ್ಲಿ ಕಾಂಬೋಡಿಯಕ್ಕೆ ಸೇನೆ ಹೋಯಿತು, ಮರಳಿ ಬಂದದ್ದು 1989ರಲ್ಲಿ. 1979ರಲ್ಲಿ ಉತ್ತರದ ಗಡಿಯಲ್ಲಿ ಚೀನಾ ದಾಳಿ ಮಾಡಿತು. ಅಮೆರಿಕದ ದಿಗ್ಬಂಧನ ಬೇರೆ. ಹಳ್ಳಿಗಳಲ್ಲಿ ಸಾಮೂಹಿಕ ಬೇಸಾಯ ಕೈಕೊಟ್ಟಿತು, 1986ರಲ್ಲಿ ಹಣದುಬ್ಬರ ಶೇಕಡಾ 700 ದಾಟಿತು. ಆ ವರ್ಷದ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೆಯ ಮಹಾಧಿವೇಶನ "ದೋಯ್ ಮೋಯ್" ಎಂಬ, ಮಾರುಕಟ್ಟೆಗೆ ಬಾಗಿಲು ತೆರೆಯುವ ಆರ್ಥಿಕ ಸುಧಾರಣೆಗೆ ಒಪ್ಪಿತು. 1988ರಲ್ಲಿ ಜಮೀನನ್ನು ಕುಟುಂಬಗಳ ಕೈಗೆ ಬಿಟ್ಟುಕೊಟ್ಟರು. ಅದೇ ವರ್ಷ ಉತ್ತರದ ಜಿಲ್ಲೆಗಳಲ್ಲಿ ಜನ ಹಸಿದಿದ್ದರು. ಮರುವರ್ಷ, 1989ರಲ್ಲಿ, ಈ ದೇಶ ಸುಮಾರು 14 ಲಕ್ಷ ಟನ್ ಅಕ್ಕಿಯನ್ನು ರಫ್ತು ಮಾಡಿತು. ನೆಲ ಅದೇ, ಮಳೆ ಅದೇ, ರೈತರೂ ಅವರೇ. ನನ್ನ ಲೆಕ್ಕದಲ್ಲಿ ವಿಯೆಟ್ನಾಮಿನ ಯುದ್ಧೋತ್ತರ ಚೇತರಿಕೆ ಶುರುವಾಗುವುದು ಇಲ್ಲಿಂದ. 1994ರಲ್ಲಿ ದಿಗ್ಬಂಧನ ತೆರವಾದದ್ದು, 1995ರಲ್ಲಿ ಅಮೆರಿಕದೊಂದಿಗೆ ರಾಜತಾಂತ್ರಿಕ ಸಂಬಂಧ ಕುದುರಿದ್ದು, ಮೊಬೈಲ್ ಕಾರ್ಖಾನೆಗಳು ಬಂದದ್ದು ಎಲ್ಲ ಆಮೇಲೆ.

ಕಾಫಿ ತೋಟದವನು, ಸಿದ್ದಾಪುರ, ಕೊಡಗು

ಮೇಲಿನವರು ಅಕ್ಕಿಯ ಮಾತು ಆಡಿದರು, ನಾನು ಕಾಫಿಯ ಮಾತು ಆಡುತ್ತೇನೆ. ನಮ್ಮದು ರೊಬಸ್ಟಾ ತೋಟ. 2001-02ರ ಬೆಲೆ ಕುಸಿತ ನೆನಪಿರುವವರಿಗೆ ವಿಯೆಟ್ನಾಂ ಎಂಬ ಹೆಸರು ಹೊಟ್ಟೆಯೊಳಗೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಣ್ಣು ಕೊಯ್ದ ಕೂಲಿಯೂ ಹುಟ್ಟದ ಬೆಲೆ. ಅಪ್ಪ ಒಂದು ವರ್ಷದ ಕಾಫಿಯನ್ನು ಚೀಲದಲ್ಲೇ ಇಟ್ಟುಕೊಂಡು ಕುಳಿತರು, ಕೊನೆಗೆ ಅದಕ್ಕಿಂತ ಕಡಿಮೆಗೆ ಮಾರಿದರು. ಹತ್ತೇ ವರ್ಷದಲ್ಲಿ ಆ ದೇಶ ಎಲ್ಲಿಂದಲೋ ಬಂದು ಜಗತ್ತಿನ ಎರಡನೆಯ ದೊಡ್ಡ ಕಾಫಿ ಉತ್ಪಾದಕನಾಗಿಬಿಟ್ಟಿತ್ತು. ಸಂತೆಯಲ್ಲಿ ಅವರನ್ನು ಬೈಯದ ದಿನವಿರಲಿಲ್ಲ.

ಎರಡು ವರ್ಷದ ಹಿಂದೆ ನಾವು ಕೆಲವು ಬೆಳೆಗಾರರು ಸೇರಿ ದಾಕ್ ಲಾಕ್ ಪ್ರಾಂತ್ಯದ ಬುವಾನ್ ಮ ಥುವೊಟ್‌ಗೆ ಹೋಗಿದ್ದೆವು. ಅದು ಅವರ ಕಾಫಿ ರಾಜಧಾನಿ. ಊರಿನ ನಡುವಿನ ವೃತ್ತದಲ್ಲಿ ಒಂದು ಟ್ಯಾಂಕು ನಿಂತಿದೆ. 1975ರ ಮಾರ್ಚ್ 10ರಂದು ಉತ್ತರದ ಸೇನೆ ಈ ಊರಿನ ಮೇಲೆ ಬಿದ್ದದ್ದು, ಅಲ್ಲಿಂದ ಐವತ್ತೊಂದನೆಯ ದಿನಕ್ಕೆ ಸೈಗಾನ್ ಬಿದ್ದದ್ದು. ಟ್ಯಾಂಕಿನ ಸುತ್ತ ಈಗ ಕಾಫಿ ಅಂಗಡಿಗಳು.

ಅಲ್ಲಿ ಕೇಳಿದ ಒಂದು ಸಂಗತಿ ನಮ್ಮವರಿಗೆ ಗೊತ್ತಿರಲಿಕ್ಕಿಲ್ಲ. ಈ ಕಾಫಿಗೆ ಮೊದಲು ಹಣ ಹಾಕಿದವರಲ್ಲಿ ಪೂರ್ವ ಜರ್ಮನಿಯವರು ಮುಖ್ಯರು. 1977ರಲ್ಲಿ ಅವರಿಗೆ ಕಾಫಿ ಕೊಳ್ಳಲು ಡಾಲರ್ ಇರಲಿಲ್ಲ. 1980ರಲ್ಲಿ ವಿಯೆಟ್ನಾಮಿನೊಂದಿಗೆ ಒಪ್ಪಂದ ಮಾಡಿಕೊಂಡು ದಾಕ್ ಲಾಕ್‌ಗೆ ಯಂತ್ರ, ಲಾರಿ, ತಜ್ಞರನ್ನು ಕಳಿಸಿದರು, ಬದಲಿಗೆ ಅರ್ಧದಷ್ಟು ಫಸಲು ತಮಗೆ ಎಂದು ಮಾತು. ಗಿಡ ನೆಟ್ಟು, ಫಸಲು ಕೈಗೆ ಬರುವ ಹೊತ್ತಿಗೆ ಬರ್ಲಿನ್ ಗೋಡೆ ಬಿದ್ದು, ಕೊಳ್ಳಬೇಕಾದ ದೇಶವೇ ಇಲ್ಲವಾಯಿತು. ಕಾಫಿ ಜಗತ್ತಿನ ಮಾರುಕಟ್ಟೆಗೆ ಹರಿಯಿತು. ಅದರ ಹೊಡೆತ ಸಿದ್ದಾಪುರದ ನಮ್ಮ ಅಂಗಳದವರೆಗೆ ಬಂತು.

ಅವರ ತೋಟ ಬಿಸಿಲಲ್ಲೇ ಬೆಳೆಯುವ ತೋಟ. ನಮ್ಮ ಹಾಗೆ ಮರದ ನೆರಳಿಲ್ಲ, ಹಕ್ಕಿಯಿಲ್ಲ. ಬೇಸಿಗೆಯಲ್ಲಿ ಬಾವಿಯಿಂದ ನೀರೆತ್ತಿ ಬುಡಕ್ಕೆ ಬಿಡುತ್ತಾರೆ, ಗೊಬ್ಬರ ಸುರಿಯುತ್ತಾರೆ. ಹೆಕ್ಟೇರಿಗೆ ಎರಡೂವರೆ ಟನ್‌ನ ಆಸುಪಾಸು ತೆಗೆಯುತ್ತಾರೆ, ನಮ್ಮ ಸರಾಸರಿ ಅದರ ಅರ್ಧಕ್ಕೆ ಸುತ್ತುತ್ತದೆ. ನೆಲದ ನೀರು ಕೆಳಗಿಳಿದಿದೆ, ಕಾಡು ಹೋಗಿದೆ. ಬೆಟ್ಟದ ಮೂಲನಿವಾಸಿಗಳು ತಮ್ಮ ಭೂಮಿ ಬಯಲಿನವರ ಪಾಲಾಯಿತೆಂದು 2001ರಲ್ಲೂ 2004ರಲ್ಲೂ ಬೀದಿಗಿಳಿದಿದ್ದರು. ಎದ್ದು ನಿಂತ ದೇಶ ಎಂದು ಹೊಗಳುವಾಗ ಈ ಬೆಲೆಯನ್ನೂ ಹೇಳಬೇಕು.

ಆದರೂ ಅಲ್ಲಿ ನನ್ನ ಸಿಟ್ಟು ಇಳಿಯಿತು. ನಮ್ಮನ್ನು ಕರೆದ ರೈತನಿಗೆ ಇದ್ದದ್ದು ಒಂದೂವರೆ ಹೆಕ್ಟೇರ್. ಗಂಡ, ಹೆಂಡತಿ, ಇಬ್ಬರು ಮಕ್ಕಳೇ ಕೆಲಸಗಾರರು. ಅವರ ಅಪ್ಪ ಯುದ್ಧ ಮುಗಿದ ಮೇಲೆ ಉತ್ತರದಿಂದ ಸರ್ಕಾರ ಕಳಿಸಿದ ವಲಸೆಗಾರ, ಬಂದಾಗ ಕೈಯಲ್ಲಿ ಒಂದು ಗುದ್ದಲಿ ಇತ್ತಂತೆ. ನಾನು ಒಂದು ಕಾಫಿ ಗಿಡದ ಕೊಂಬೆ ಎತ್ತಿ ಕಸಿ ಗಂಟು ನೋಡುತ್ತಿದ್ದೆ. ಆತ ಬಂದು ಪಕ್ಕದಲ್ಲಿ ಕುಳಿತು, ಉಗುರಿನಿಂದ ತೊಗಟೆ ಕೆರೆದು ಬೇರೆ ಬಣ್ಣದ ಎರಡು ಪದರ ತೋರಿಸಿದ. ಮಾತು ಬೇಕಾಗಲಿಲ್ಲ, ಇಬ್ಬರಿಗೂ ಒಂದೇ ಕಸುಬು. ಮೆಣಸಿನ ಬಳ್ಳಿ ಅರ್ಧ ಕಿತ್ತು ಚೀನಾ ಮಾರುಕಟ್ಟೆಗೆ ಡುರಿಯನ್ ಹಣ್ಣಿನ ಗಿಡ ಹಾಕಿದ್ದ. ಇತ್ತ ನಾವು ವಿಯೆಟ್ನಾಂ ಮೆಣಸಿನ ಹಾವಳಿಗೆ ಹೆದರಿ, 2017ರಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟುವವರೆಗೂ ಒದ್ದಾಡಿದ್ದೆವು. 2024ರಲ್ಲಿ ಅವರಲ್ಲಿ ಬರ ಬಂದು ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಲಾಭ ನಮಗಾಯಿತು. ಆ ಹಣ ಎಣಿಸುವಾಗ ಆತನ ಬತ್ತಿದ ಬಾವಿ ನೆನಪಾಗುತ್ತಿತ್ತು.

ಕರಾವಳಿ ಮಾತ್ರ ನೋಡಿ ಬರಬೇಡಿ, ಬೆಟ್ಟಕ್ಕೂ ಹೋಗಿ. ನಮ್ಮ ಬೆಳೆಗಾರರಂತೂ ಹೋಗಲೇಬೇಕು.

ಇತಿಹಾಸದ ಅಧ್ಯಾಪಕಿ, ಮೈಸೂರು

ಎಲ್ಲರ ಬರಹವನ್ನೂ ಓದಿದೆ. ಒಂದು ಗೈರುಹಾಜರಿ ಕಾಡುತ್ತಿದೆ. ಈ ಚರ್ಚೆಯಲ್ಲಿ ದಕ್ಷಿಣದವರ ಕಡೆಯಿಂದ ಯಾರೂ ಮಾತನಾಡಿಲ್ಲ.

1975ರ ನಂತರ ದಕ್ಷಿಣದ ಸೇನೆ ಮತ್ತು ಸರ್ಕಾರದಲ್ಲಿದ್ದ ಲಕ್ಷಾಂತರ ಜನರನ್ನು ವಿಚಾರಣೆಯಿಲ್ಲದೆ "ಮರುಶಿಕ್ಷಣ" ಶಿಬಿರಗಳಿಗೆ ತಳ್ಳಿದರು. ಕೆಲವರು ಹತ್ತು ವರ್ಷಕ್ಕೂ ಮೀರಿ ಅಲ್ಲಿದ್ದರು. 1975ರಿಂದ 1995ರವರೆಗೆ ದೋಣಿಯಲ್ಲಿ ಓಡಿಹೋಗಿ ಬೇರೆ ದೇಶ ಮುಟ್ಟಿದವರೇ ಸುಮಾರು 8 ಲಕ್ಷ. ಮುಟ್ಟದೆ ಸಮುದ್ರ ಸೇರಿದವರಿಗೆ ಲೆಕ್ಕವಿಲ್ಲ. ಕ್ವಾಂಗ್ ತ್ರಿಯ ತ್ರುವಾಂಗ್ ಸನ್ ಸ್ಮಶಾನದಲ್ಲಿ ಉತ್ತರದ ಹತ್ತು ಸಾವಿರಕ್ಕೂ ಹೆಚ್ಚು ಯೋಧರ ಸಮಾಧಿಗಳಿವೆ, ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ದಕ್ಷಿಣದ ಸೈನಿಕರನ್ನು ಹೂಳಿದ, ಸೈಗಾನ್ ಹತ್ತಿರದ ಬಿಯೆನ್ ಹೋವಾ ಸ್ಮಶಾನ 2006ರವರೆಗೆ ಸೇನೆಯ ವಶದಲ್ಲಿತ್ತು. ಅದು ಯಾವ ಪ್ರವಾಸದ ಪಟ್ಟಿಯಲ್ಲೂ ಇಲ್ಲ. ಸತ್ತವರಲ್ಲಿ ಅರ್ಧ ಜನರನ್ನು ಮಾತ್ರ ನೋಡಿ ಬಂದು ಚೇತರಿಕೆಯ ಬಗ್ಗೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಏನೂ ಬದಲಾಗಿಲ್ಲ ಎನ್ನುವುದೂ ಸುಳ್ಳಾಗುತ್ತದೆ. ಸೈಗಾನಿನ ಯುದ್ಧ ಸಂಗ್ರಹಾಲಯ 1975ರ ಸೆಪ್ಟೆಂಬರಿನಲ್ಲಿ ತೆರೆದಾಗ ಅದರ ಹೆಸರು ಅಮೆರಿಕ ಮತ್ತು ಅದರ ಕೈಗೊಂಬೆಗಳ ಅಪರಾಧಗಳ ಪ್ರದರ್ಶನಾಲಯ ಎಂದಿತ್ತು. 1990ರಲ್ಲಿ ಹೆಸರು ಬದಲಾಯಿತು, 1995ರಲ್ಲಿ ಇನ್ನೊಮ್ಮೆ. ಈಗ ಅದು ಯುದ್ಧಾವಶೇಷಗಳ ಸಂಗ್ರಹಾಲಯ. ಆ ಕೊನೆಯ ಬದಲಾವಣೆಯಾದದ್ದು ಅಮೆರಿಕದೊಂದಿಗೆ ಸಂಬಂಧ ಕುದುರಿದ ವರ್ಷದಲ್ಲೇ.

ಇನ್ನೊಂದು ಮಾತು, ಇದು ನನ್ನ ಸ್ವಂತ ಆಸಕ್ತಿ. ದಾ ನಾಂಗ್‌ಗೆ ಹೋಗುವವರು ಮೀ ಸನ್ ಕಣಿವೆಯನ್ನು ದಯವಿಟ್ಟು ಬಿಡಬೇಡಿ. ಹಿಂದೆ ಈ ಕರಾವಳಿಯನ್ನು ಆಳಿದ ಚಾಮ್ ಜನರ ಚಂಪಾ ರಾಜ್ಯದ ದೊರೆಗಳು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಭದ್ರವರ್ಮ ಎಂಬ ದೊರೆ ಇಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ. ಅವನ ಕಾಲದ ಶಾಸನಗಳು ಸಂಸ್ಕೃತದಲ್ಲಿವೆ. ಅದೇ ಸುಮಾರಿಗೆ ಚಾಮ್ ಭಾಷೆಯಲ್ಲೂ ಒಂದು ಶಾಸನ ಹುಟ್ಟಿತು, ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬೆಳೆದ ಲಿಪಿಯಲ್ಲಿ. ಕನ್ನಡ ಹಲ್ಮಿಡಿಯ ಕಲ್ಲಿನ ಮೇಲೆ ಮೂಡುವುದಕ್ಕೆ ಕೆಲವು ದಶಕ ಮೊದಲು ಕಡಲಾಚೆ ಇನ್ನೊಂದು ನುಡಿ ನಮ್ಮ ಲಿಪಿಯ ದಾಯಾದಿಯಲ್ಲಿ ಬರಹ ಕಲಿಯುತ್ತಿತ್ತು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

1969ರ ಆಗಸ್ಟ್‌ನಲ್ಲಿ ಬಿ-52 ವಿಮಾನಗಳು ಈ ಕಣಿವೆಯ ಮೇಲೆ ಬಾಂಬು ಸುರಿದವು, ಗೆರಿಲ್ಲಾಗಳು ಅಲ್ಲಿ ಅಡಗಿದ್ದರೆಂದು. ಅತ್ಯಂತ ಎತ್ತರದ, ಅತ್ಯಂತ ಚೆಲುವಾದ ಗೋಪುರ ಇಟ್ಟಿಗೆಯ ರಾಶಿಯಾಯಿತು. ಯುದ್ಧದ ನಂತರ ಪೋಲೆಂಡಿನ ವಾಸ್ತುತಜ್ಞ ಕಾಝಿಮಿಯೆಶ್ ಕ್ವಿಯಾಟ್ಕೋವ್ಸ್ಕಿ ವರ್ಷಗಟ್ಟಲೆ ಇಲ್ಲಿದ್ದು, ಬಾಂಬು ಹುದುಗಿದ್ದ ಕಾಡಿನಲ್ಲೇ ಉಳಿದ ಗುಡಿಗಳನ್ನು ನಿಲ್ಲಿಸಿದರು. ಹೋಯ್ ಆನ್ ಪಟ್ಟಣವನ್ನು ಕೆಡವದೆ ಉಳಿಸಿಕೊಳ್ಳಬೇಕೆಂದು ಪಟ್ಟು ಹಿಡಿದವರೂ ಅವರೇ. 1997ರಲ್ಲಿ ಹ್ವೇಯಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಎರಡೂ ಜಾಗ ಯುನೆಸ್ಕೊ ಪಟ್ಟಿ ಸೇರಿದವು. ಇವತ್ತು ಹೋಯ್ ಆನ್‌ನ ಲಾಟೀನಿನ ಕೆಳಗೆ ಫೋಟೋ ತೆಗೆಸಿಕೊಳ್ಳುವವರು ಅಲ್ಲೇ ಬೀದಿಯಲ್ಲಿರುವ ಅವರ ಪ್ರತಿಮೆಯ ಮುಂದೆ ಒಂದು ಕ್ಷಣ ನಿಲ್ಲಲಿ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯೂ 2017ರಿಂದ 2022ರವರೆಗೆ ಮೀ ಸನ್‌ನ ಮೂರು ಗುಂಪುಗಳ ಗುಡಿಗಳಲ್ಲಿ ಕೆಲಸ ಮಾಡಿತು. 2020ರ ಮೇ ತಿಂಗಳಲ್ಲಿ ಮಣ್ಣು ತೆಗೆಯುವಾಗ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗ ಇಡಿಯಾಗಿ ಸಿಕ್ಕಿತು.

ಸೈಗಾನಿನ ಬಾಡಿಗೆದಾರ

ಅಧ್ಯಾಪಕಿಯವರ ಮೊದಲ ಮಾತಿಗೆ ತಲೆಬಾಗುತ್ತೇನೆ. ಇಲ್ಲಿ ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕಚೇರಿಯಲ್ಲಿ ನನ್ನ ಪಕ್ಕ ಕೂರುವವರ ಚಿಕ್ಕಪ್ಪ 1980ರ ದಶಕದಲ್ಲಿ ದೋಣಿಯಲ್ಲಿ ಹೋದವರು, ಈಗ ಹೊರದೇಶದ ಪ್ರಜೆ. ಪ್ರತಿ ಟೆಟ್‌ಗೆ ಬರುತ್ತಾರೆ. ಬಂದವರು ಮೊದಲು ಅಪ್ಪನ ಸಮಾಧಿಗೆ ಸುಣ್ಣ ಬಳಿಯುತ್ತಾರೆ, ಆ ಕೆಲಸವನ್ನು ಬೇರೆ ಯಾರಿಗೂ ಬಿಡುವುದಿಲ್ಲ. ಹೊರಗೆ ಹೋದವರು ಕಳಿಸಿದ ಹಣದಿಂದ ಈ ನಗರದಲ್ಲಿ ಎಷ್ಟು ಮನೆ, ಎಷ್ಟು ಅಂಗಡಿ ಎದ್ದಿವೆ ಎಂಬುದನ್ನು ಬೀದಿಗೆ ಬಂದರೆ ಯಾರಾದರೂ ತೋರಿಸುತ್ತಾರೆ. ಓಡಿಹೋದವರೂ ಈ ದೇಶವನ್ನು ಕಟ್ಟಿದ್ದಾರೆ. ಅವರ ಹೆಸರಿನ ಸ್ಮಾರಕ ಮಾತ್ರ ಇಲ್ಲ.

ನಿವೃತ್ತ ಸೈನಿಕ, ಹಾಸನ

ನಾನು ಹೇಳುವುದು ಕು ಚಿ ಸುರಂಗದ ಬಗ್ಗೆ. ಸುರಂಗ ನೋಡಿದೆ, ಅದನ್ನು ತೋಡಿದವರ ತಾಳ್ಮೆಗೆ ಸೆಲ್ಯೂಟ್ ಹೊಡೆದೆ. ಹೊರಗೆ ಬಂದರೆ ಅಲ್ಲೇ ಗುಂಡು ಹಾರಿಸುವ ಮೈದಾನ, ಒಂದೊಂದು ಗುಂಡಿಗೆ ಇಷ್ಟು ಹಣ ಎಂದು ದರಪಟ್ಟಿ. ಪ್ರವಾಸಿಗರು ಸಾಲು ನಿಂತಿದ್ದರು. ಸುರಂಗದಲ್ಲಿ ಉಸಿರು ಬಿಗಿಹಿಡಿದು ಬದುಕಿದವರ ತಲೆಯ ಮೇಲೆ ದಿನವಿಡೀ ಮತ್ತೆ ಗುಂಡಿನ ಸದ್ದು. ಇಪ್ಪತ್ತೆರಡು ವರ್ಷ ಬಂದೂಕು ಹಿಡಿದ ನನಗೆ ಅಲ್ಲಿ ಐದು ನಿಮಿಷ ನಿಲ್ಲಲು ಆಗಲಿಲ್ಲ. ಹೊಟ್ಟೆಪಾಡು ಎನ್ನಬಹುದು, ನನಗೆ ಅದು ತಪ್ಪೆಂದೇ ಅನಿಸುತ್ತದೆ.

ಸನ್ ಮೀ ಹಳ್ಳಿಯಲ್ಲಿ ಹಾಗಿಲ್ಲ. ಹೊರಗಿನವರಿಗೆ ಮೀ ಲಾಯ್ ಎಂಬ ಹೆಸರಿನಿಂದ ಗೊತ್ತಿರುವ ಊರು. 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಅಲ್ಲಿ 504 ಜನರನ್ನು ಕೊಂದರು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಸುಟ್ಟ ಮನೆಗಳ ಅಡಿಪಾಯವನ್ನು ಹಾಗೇ ಬಿಟ್ಟಿದ್ದಾರೆ. ನಡುವಿನ ಕಾಂಕ್ರೀಟ್ ದಾರಿಯನ್ನು ಮಣ್ಣಿನ ಹಾದಿಯಂತೆ ಮಾಡಿ, ಅದರ ಮೇಲೆ ಬರಿಗಾಲಿನ ಗುರುತು, ಸೈಕಲ್ ಚಕ್ರದ ಗುರುತು, ಅವುಗಳನ್ನು ತುಳಿದುಕೊಂಡು ಹೋದ ಬೂಟಿನ ಗುರುತು ಒತ್ತಿದ್ದಾರೆ. ನಾನು ಬೂಟು ಹಾಕಿಕೊಂಡೇ ಹೋಗಿದ್ದೆ. ಹಾದಿಯ ಪಕ್ಕದ ಹುಲ್ಲಿನ ಮೇಲೆ ನಡೆದೆ. ನಾನು ಹೋದ ದಿನ ಕಾವಲುಗಾರನನ್ನು ಬಿಟ್ಟರೆ ಇನ್ನಿಬ್ಬರಿದ್ದರು, ಅಷ್ಟೇ.

ಹಳಿಯ ಪಕ್ಕದವನು, ಧಾರವಾಡ

ಅಧ್ಯಾಪಕಿಯವರು ಹೇಳಿದ್ದು ಸರಿ. ಹಳಿಯ ಪಕ್ಕದಲ್ಲಿ ಎಲ್ಲವೂ ಕಾಣುತ್ತದೆ ಎಂಬ ನನ್ನ ಮಾತನ್ನು ಅಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಬಿಯೆನ್ ಹೋವಾದ ಮೇಲೆಯೇ ನನ್ನ ರೈಲು ಹೋಯಿತು, ಆ ಸ್ಮಶಾನದ ವಿಷಯ ನನಗೆ ಗೊತ್ತೇ ಇರಲಿಲ್ಲ.

ಕಾಣದೆ ಉಳಿಯುವ ಇನ್ನೊಂದನ್ನು ಸೇರಿಸುತ್ತೇನೆ. ದಾ ನಾಂಗ್‌ನ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮವರೆಲ್ಲ ಹತ್ತು ನಿಮಿಷದಲ್ಲಿ ಸಮುದ್ರ ತೀರ ಸೇರುತ್ತಾರೆ. ಆ ನಿಲ್ದಾಣದ ಮಣ್ಣಿನಲ್ಲಿ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ರಾಸಾಯನಿಕದಲ್ಲಿದ್ದ ಡಯಾಕ್ಸಿನ್ ಎಂಬ ವಿಷ ದಶಕಗಳ ಕಾಲ ಕೂತಿತ್ತು, ಅಮೆರಿಕದ ಸೇನೆ ಪೀಪಾಯಿಗಳನ್ನು ಇಟ್ಟಿದ್ದ ಜಾಗ ಅದು. 2012ರಿಂದ 2018ರವರೆಗೆ ಎರಡೂ ದೇಶಗಳು ಸೇರಿ ಮಣ್ಣನ್ನು ಅಗೆದು, ದೊಡ್ಡ ಗೂಡಿನಲ್ಲಿ ತುಂಬಿ, 300 ಡಿಗ್ರಿಗೂ ಮೇಲೆ ಕಾಯಿಸಿ ಶುದ್ಧಗೊಳಿಸಿದವು. ವಿಷ ಸುರಿದ ದೇಶವನ್ನೇ ಕರೆಸಿ ಜೊತೆಯಲ್ಲಿ ನಿಂತು ತೊಳೆಸಿಕೊಳ್ಳುವುದಕ್ಕೆ ಎಂಥ ಗಟ್ಟಿತನ ಬೇಕು! ಬಿಯೆನ್ ಹೋವಾದ ವಾಯುನೆಲೆಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಈಗ ನಡೆಯುತ್ತಿದೆ.

ಶಿವಮೊಗ್ಗದವರಿಗೆ: ಅಮ್ಮನನ್ನು ಕು ಚಿಗೆ ಕರೆದೊಯ್ಯಬೇಡಿ, ಅಲ್ಲಿ ಕುಕ್ಕರುಗಾಲಿನಲ್ಲಿ ಹೋಗಬೇಕು. ಕ್ವಾಂಗ್ ತ್ರಿಯ ಕಡಲ ದಂಡೆಯಲ್ಲಿ ವಿನ್ ಮೋಕ್ ಸುರಂಗವಿದೆ. ಅದು ಯೋಧರದ್ದಲ್ಲ, ಒಂದು ಮೀನುಗಾರರ ಹಳ್ಳಿಯದ್ದು. ಮೇಲೆ ಬಾಂಬು ಸುರಿಯುತ್ತಿದ್ದಾಗ ಇಡೀ ಊರು 23 ಮೀಟರ್ ಆಳದವರೆಗೆ ತೋಡಿಕೊಂಡು ಕೆಳಗಿಳಿಯಿತು. ಅಲ್ಲೇ 17 ಮಕ್ಕಳು ಹುಟ್ಟಿದವು. ಸುಮಾರಾಗಿ ನೆಟ್ಟಗೆ ನಡೆಯಬಹುದು. ಹೊರಬಂದರೆ ಎದುರಿಗೇ ಸಮುದ್ರ.

ಮೊದಲ ಸಲ ಹೊರಟವಳು, ಶಿವಮೊಗ್ಗ

ಮರಳಿ ಬಂದು ಒಂದು ವಾರವಾಯಿತು. ಎಲ್ಲರಿಗೂ ಋಣಿ. ಹಾ ಲಾಂಗ್ ಬಿಟ್ಟೆವು, ಡೋಂಗ್ ಹಾದಲ್ಲಿ ಎರಡು ರಾತ್ರಿ ಉಳಿದೆವು. ಊಟಕ್ಕೆ ಚಾಯ್ ಎಂಬ ಮಾತು ಎಲ್ಲೆಡೆ ಕಾಪಾಡಿತು. ಮೀ ಸನ್‌ನಲ್ಲಿ ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಸೈಗಾನಿನ ಸಂಗ್ರಹಾಲಯಕ್ಕೆ ಮಾತ್ರ ಬರುವುದಿಲ್ಲ ಎಂದರು, ನಾನೂ ಒತ್ತಾಯಿಸಲಿಲ್ಲ.

ವಿನ್ ಮೋಕ್ ಬಗ್ಗೆ ಹೇಳಬೇಕು. ಅಮ್ಮ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಭುಜಕ್ಕೆ ಕೊಟ್ಟು ಇಳಿದರು. ಹೆರಿಗೆಯ ಕೋಣೆ ಎಂದು ತೋರಿಸುವ ಗೂಡು ನಮ್ಮ ಮನೆಯ ದೇವರಕೋಣೆಗಿಂತ ಚಿಕ್ಕದು. ಎಲ್ಲರೂ ಫೋಟೋ ತೆಗೆದು ಮುಂದೆ ಹೋದರು, ಅಮ್ಮ ಅಲ್ಲೇ ನಿಂತರು. ಮೂವತ್ತು ವರ್ಷ ಹೆರಿಗೆ ಮಾಡಿಸಿದ ಕೈ ಅವರದು. ನನ್ನ ಕಡೆ ತಿರುಗಿ ಕೇಳಿದರು: "ನೀರು ಎಲ್ಲಿ ಕಾಯಿಸುತ್ತಿದ್ದರು? ಹೊಗೆ ಮೇಲೆ ಹೋದರೆ ವಿಮಾನದವರಿಗೆ ಕಾಣುವುದಿಲ್ಲವೇ?"

ಮಾರ್ಗದರ್ಶಿ ಹುಡುಗಿಗೆ ನಾನು ಅದನ್ನು ದಾಟಿಸಿದೆ. ಅವಳು ನಮ್ಮನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಒಂದು ಒಲೆ ತೋರಿಸಿದಳು. ಹೊವಾಂಗ್ ಕಾಮ್ ಒಲೆ, ಅದನ್ನು ಕಂಡುಹಿಡಿದ ಸೇನೆಯ ಅಡುಗೆಯವನ ಹೆಸರು. ಹೊಗೆಯನ್ನು ಮಣ್ಣಿನೊಳಗಿನ ಉದ್ದನೆಯ ಕಾಲುವೆಗಳಲ್ಲಿ ಹರಿಯಬಿಟ್ಟು, ತಣ್ಣಗಾಗಿಸಿ, ದೂರದಲ್ಲಿ ಮಂಜಿನಂತೆ ನೆಲಕ್ಕಂಟಿಕೊಂಡು ಹೊರಬರುವಂತೆ ಮಾಡುತ್ತಿದ್ದರಂತೆ. ಅಮ್ಮ ಬಗ್ಗಿ ಒಲೆಯ ಬಾಯಿಗೆ ಕೈ ಹಾಕಿ ನೋಡಿದರು.

ಹೊರಗೆ ಬಂದಾಗ ಎದುರಿಗೆ ಅವರು ನೋಡಬೇಕೆಂದಿದ್ದ ಸಮುದ್ರ. ಮೀನುಗಾರರ ದೋಣಿಗಳು ಮರಳುತ್ತಿದ್ದವು. ಅಮ್ಮ ಸಮುದ್ರಕ್ಕೆ ಬೆನ್ನು ಹಾಕಿ, ಮಂಡಿ ನೋವನ್ನು ಮರೆತು, ಬಿದಿರು ಮೆಳೆಯ ನಡುವೆ ಗುಡ್ಡ ಹತ್ತಿದರು. ಹೊಗೆ ಹೊರಬರುತ್ತಿದ್ದ ತೂತು ಎಲ್ಲಿದೆ ಎಂದು ಎಲೆ ಸರಿಸಿ ಹುಡುಕುತ್ತಿದ್ದರು.